ಗಾಜು ಒರೆಸದ ಹದಿನಾಲ್ಕು ದಿನ

ಕಾರ್ಖಾನೆಯಲ್ಲಿ ಉಸಿರಿನ ಪರೀಕ್ಷೆ, ಊದುವ ಕೊಳವೆಯ ಮುಂದೆ ಸಾಲು ನಿಂತಿತ್ತು. ಇಪ್ಪತ್ತನಾಲ್ಕು ಜನ ಊದಿ ಹೋದರು. ಇಪ್ಪತ್ತೈದನೆಯವಳು ಆಕೆ.

ಪಟ್ಟಿ ಹಿಡಿದಿದ್ದ ಗುಮಾಸ್ತ ತಲೆ ಎತ್ತಿ ಆಕೆಯನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ಬಕೆಟ್ ನೋಡಿದ.

"ಏನಮ್ಮ, ಇಲ್ಲೇನಾದ್ರೂ ಚೆಲ್ಲಿದೆಯಾ?"

"ಏನೂ ಚೆಲ್ಲಿಲ್ಲ. ಊದೋಕೆ ಬಂದೆ."

"ನಿನ್ನ ಹೆಸರಿಲ್ಲ."

"ಬರ್ಕೊಳ್ಳಿ."

"ಬಂದೋರನ್ನೆಲ್ಲ ಬರ್ಕೊಳ್ಳೋಕೆ ಇದೇನು ಮದುವೆ ಊಟಾನಾ? ಇದು ಮಷೀನಿನ ಹೊಗೆ ಕುಡಿಯೋರಿಗೆ. ನೀನು ಮಷೀನ್ ನಡೆಸ್ತೀಯಾ?"

"ನಡೆಸಲ್ಲ. ಒರೆಸ್ತೀನಿ."

"ಅದಕ್ಕೇ ಹೇಳಿದ್ದು. ನೀನು ಗುತ್ತಿಗೆ, ಗುಡಿಸೋ ವಿಭಾಗ. ನಿಂಗೆ ಹೊಗೆ ಬರಲ್ಲ."

ಹೊಗೆಗೆ ಓದು ಬರಹ ಬರುತ್ತದೆ ಎಂದು ಆಕೆಗೆ ಅಂದಿನವರೆಗೆ ಗೊತ್ತಿರಲಿಲ್ಲ. ಪಟ್ಟಿ ನೋಡಿಕೊಂಡು, ಹೆಸರು ಕೇಳಿಕೊಂಡು, ಆಮೇಲೆ ಮೂಗಿನೊಳಕ್ಕೆ ಹೋಗುವ ಹೊಗೆ. ಸಾಲು ಬಿಟ್ಟು ಈಚೆ ಬಂದಳು. ಬಕೆಟ್ ಕೆಳಗಿಡುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ಕೆಮ್ಮಿದಳು. ಕೊಳವೆ ಹಿಡಿದಿದ್ದ ಡಾಕ್ಟರಮ್ಮ ತಿರುಗಿ ನೋಡಿದರು. ಗುಮಾಸ್ತ ಪಟ್ಟಿಯ ಕಡೆ ನೋಡಿದ. ಪಟ್ಟಿಯಲ್ಲಿ ಆ ಕೆಮ್ಮು ಇರಲಿಲ್ಲ, ಆದ್ದರಿಂದ ಅವನಿಗೆ ಕೇಳಿಸಲೂ ಇಲ್ಲ.

ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ವೇಸ್ಟಕ್ಕ ಎನ್ನುತ್ತಿದ್ದರು. ಎಣ್ಣೆ ಒರೆಸುವ ಹತ್ತಿ ನೂಲಿನ ಉಂಡೆಗೆ ಅಲ್ಲಿ ವೇಸ್ಟ್ ಎನ್ನುತ್ತಾರೆ. ಅದು ಸದಾ ಕೈಯಲ್ಲಿರುತ್ತಿತ್ತು, ಹಾಗೇ ಹೆಸರಿಗೂ ಅಂಟಿಕೊಂಡಿತು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು. ಎಷ್ಟು ರೂಢಿಯೆಂದರೆ ಮನೆಯಲ್ಲಿ ಅತ್ತೆ ನಿಜವಾದ ಹೆಸರು ಹಿಡಿದು ಕೂಗಿದರೆ, ಪಕ್ಕದ ಮನೆಯವರನ್ನು ಯಾಕೆ ಕರೆಯುತ್ತಿದ್ದಾರೆ ಎಂದು ಬಾಗಿಲ ಕಡೆ ನೋಡುತ್ತಿದ್ದಳು.

ಶೆಡ್ಡು ದೊಡ್ಡದು. ಆರು ಸಾಲು, ಸಾಲಿಗೆ ನಾಲ್ಕು ಮಷೀನು. ಕಬ್ಬಿಣ ಕೊರೆಯುವಾಗ ಕಾಯಬಾರದೆಂದು ಅದರ ಮೇಲೆ ಕೂಲೆಂಟ್ ಸುರಿಯುತ್ತದೆ. ಎಣ್ಣೆ ಬೆರೆಸಿದ ನೀರು, ನೋಡಲು ಹಾಲಿನ ಹಾಗೆ. ಗಿರಗಿರನೆ ತಿರುಗುವ ಕಬ್ಬಿಣಕ್ಕೆ ಬಡಿದು ಅದು ಪುಡಿಪುಡಿಯಾಗಿ ಮಂಜಾಗುತ್ತದೆ. ಮಷೀನಿನ ಬಾಗಿಲು ತೆರೆದರೆ ಮುಖಕ್ಕೆ ನುಗ್ಗುತ್ತದೆ. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಹೊಗೆ ಎಂದೇ ಕರೆಯುವುದು. ಸ್ವಲ್ಪ ಹೊತ್ತು ಟ್ಯೂಬ್‌ಲೈಟಿನ ಸುತ್ತ ತೇಲುತ್ತದೆ. ಆಮೇಲೆ ಇಳಿದು ಕೂರುತ್ತದೆ. ಕಂಬಿಯ ಮೇಲೆ, ಸ್ವಿಚ್ಚಿನ ಮೇಲೆ, ಗಡಿಯಾರದ ಮೇಲೆ, ನೀರು ಕುಡಿಯುವ ಲೋಟದ ಮೇಲೆ, ಕೂದಲಿನ ಮೇಲೆ. ಮುಟ್ಟಿದರೆ ಜಿಡ್ಡು. ಭಾನುವಾರ ಮಷೀನುಗಳು ನಿಂತರೆ ತೊಟ್ಟಿಯಲ್ಲಿ ಕೂಲೆಂಟ್ ಹಳಸುತ್ತದೆ. ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ಎಳೆದರೆ ಕೊಳೆತ ಮೊಟ್ಟೆಯ ಗೋದಾಮಿಗೆ ಕಾಲಿಟ್ಟ ಹಾಗಾಗುತ್ತದೆ.

ಅಷ್ಟನ್ನೂ ಒರೆಸುವವಳು ಆಕೆಯೊಬ್ಬಳೇ. ಬೆಳಿಗ್ಗೆ ಆರಕ್ಕೆ ಬಂದು ನೆಲಕ್ಕೆ ಮರದ ಹೊಟ್ಟು ಎರಚುವುದು. ಹೊಟ್ಟು ಎಣ್ಣೆ ಕುಡಿದ ಮೇಲೆ ಮಂಡಿಯೂರಿ ಬಾಚುವುದು. ಏಣಿ ಹತ್ತಿ ಟ್ಯೂಬ್‌ಲೈಟು ಒರೆಸುವುದು. ವೇಸ್ಟಿನಲ್ಲಿ ಸಿಕ್ಕಿಕೊಂಡ ಕಬ್ಬಿಣದ ಚೂರು ಬೆರಳಿಗೆ ಚುಚ್ಚುತ್ತದೆ, ಆ ಗಾಯಕ್ಕೆ ಕೂಲೆಂಟ್ ತಾಗುತ್ತದೆ. ಮೊಣಕೈವರೆಗೆ ಕೆಂಪು ಗಂಧೆ. ಉಗಿದರೆ ಬೆಳ್ಳಗೆ. ಹೀಗೆ ಹನ್ನೊಂದು ವರ್ಷ.

ಶೆಡ್ಡಿನ ನಡುಮಧ್ಯೆ ಆಳೆತ್ತರದ ಕಟ್ಟೆಯ ಮೇಲೆ ಮ್ಯಾನೇಜರ್ ಸಾಹೇಬರ ಗಾಜಿನ ಕ್ಯಾಬಿನ್. ನಾಲ್ಕೂ ಕಡೆ ಗಾಜು, ಒಟ್ಟು ಹದಿನಾರು ಹಲಗೆ. ಸಾಹೇಬರು ಹೊರಗಿನಿಂದ ಒಂದು ಮುಚ್ಚಿದ ಹಾದಿಯಲ್ಲಿ, ಶೆಡ್ಡಿಗೆ ಇಳಿಯದೆ, ಅದರ ಹಿಂಬಾಗಿಲಿಗೆ ಬರುತ್ತಿದ್ದರು. ಅದರೊಳಗಿನ ಗಾಳಿಯೇ ಬೇರೆ. ಛಾವಣಿಯ ಮೇಲಿಂದ ಒಂದು ಕೊಳವೆ ಹೊರಗಿನ ಗಾಳಿಯನ್ನು ಸೋಸಿ, ತಣ್ಣಗೆ ಮಾಡಿ ಸಾಹೇಬರ ತಲೆಯ ಮೇಲೆ ಬಿಡುತ್ತಿತ್ತು. ಅಲ್ಲಿ ಕುಳಿತು ಅವರು ಇಪ್ಪತ್ತನಾಲ್ಕು ಮಷೀನುಗಳ ಮೇಲೂ ಕಣ್ಣಿಟ್ಟಿರುತ್ತಿದ್ದರು. ಯಾರಾದರೂ ಕೈಕಟ್ಟಿ ನಿಂತದ್ದು ಕಂಡರೆ ಗಂಟೆ ಒತ್ತುತ್ತಿದ್ದರು. ಕೊರೆಯುವುದು ಮುಗಿದ ಮೇಲೆ ಮೂವತ್ತರವರೆಗೆ ಎಣಿಸಿ, ಒಳಗಿನ ಮಂಜು ಕೆಳಗೆ ಕೂತ ಮೇಲೆ ಬಾಗಿಲು ತೆಗೆಯಿರಿ ಎಂದು ಮಷೀನಿನ ಪುಸ್ತಕದಲ್ಲೇ ಬರೆದಿತ್ತು. ಯಾರೂ ಐದು ದಾಟಿ ಎಣಿಸಿದವರಿಲ್ಲ. ಆರು ಅನ್ನುವಷ್ಟರಲ್ಲಿ ಗಂಟೆ.

ಆ ಹದಿನಾರು ಹಲಗೆ ಗಾಜನ್ನು ಆಕೆ ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು. ಬೆಳಿಗ್ಗೆ ಶಿಫ್ಟಿಗೆ ಮುಂಚೆ ಒಮ್ಮೆ, ಸಾಹೇಬರು ಊಟಕ್ಕೆ ಹೋದಾಗ ಒಮ್ಮೆ. ಸೋಡಾಪುಡಿಯ ನೀರು, ಆಮೇಲೆ ವೇಸ್ಟು, ಆಮೇಲೆ ಹಳೇ ಪೇಪರು. ಭುಜ ಕಳಚಿ ಬೀಳುವ ಹಾಗಾಗುತ್ತಿತ್ತು. ಒರೆಸುವುದನ್ನು ಸಾಹೇಬರು ಒಮ್ಮೆಯೂ ಕಂಡವರಲ್ಲ. ಗಾಜು ತಾನಾಗಿ ಶುಭ್ರವಾಗಿರುವ ವಸ್ತು ಎಂದು ಅವರು ನಂಬಿದ್ದರು.

ಊದುವ ಪರೀಕ್ಷೆ ಮುಗಿದ ವಾರ ಫಲಿತಾಂಶ ಬಂತು. ಇಪ್ಪತ್ತನಾಲ್ಕರಲ್ಲಿ ಒಂಬತ್ತು ಜನರ ಎದೆ ಸರಿಯಿರಲಿಲ್ಲ. ಮೊದಲ ಸಾಲಿನಲ್ಲಿ ಕಬ್ಬಿಣ ಕಡೆಯುವ ಹಿರಿಯ ಟರ್ನರು, ಎಲ್ಲರೂ ಟರ್ನರ್ ಅಣ್ಣ ಎನ್ನುವ ಮನುಷ್ಯ, ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ನಿಂತು ಕೇಳಿದ: "ಸಾರ್, ಹೊಗೆ ಹೀರೋ ಪೆಟ್ಟಿಗೆ ಹಾಕಿಸಿಕೊಡಿ. ಸಾಲಿಗೊಂದು ಸಾಕು." ಸಾಹೇಬರು ಗಾಳಿಯನ್ನು ಪರೀಕ್ಷೆ ಮಾಡಿಸೋಣ ಎಂದರು. ಮಾಡಿಸಿದರು ಕೂಡ. ಅಳತೆ ಉಪಕರಣ ಹಿಡಿದವರು ಭಾನುವಾರ ಬಂದರು. ಒಂದು ಮಷೀನೂ ಓಡುತ್ತಿರಲಿಲ್ಲ, ಬಾಗಿಲು ಕಿಟಕಿ ಎಲ್ಲ ತೆರೆದಿತ್ತು. ಅವರು ಬರುವ ಮುಂಚೆ ನೆಲ ತೊಳೆಯಲು ವೇಸ್ಟಕ್ಕನನ್ನು ಕರೆಸಿದ್ದರು, ಹಾಗಾಗಿ ಆಕೆ ಕಣ್ಣಾರೆ ನೋಡಿದಳು. ಅಳೆಯುವವರು ಉಪಕರಣವನ್ನು ನೆಲದ ಮೇಲಿಟ್ಟು ಎರಡು ಸಿಗರೇಟು ಸೇದಿದರು. ಶೆಡ್ಡಿನಲ್ಲಿ ಆ ದಿನ ಹೊಗೆ ಅಂತ ಇದ್ದದ್ದು ಅಷ್ಟೆ.

ಸೋಮವಾರ ಬೆಳಿಗ್ಗೆ ಸಾಹೇಬರು ಎಲ್ಲರನ್ನೂ ಸೇರಿಸಿ ಮೆಟ್ಟಿಲ ಮೇಲೆ ನಿಂತು ಕಾಗದ ಓದಿದರು. ಗಾಳಿ ಉತ್ತಮ.

"ನಾನು ಬರೀ ಕಾಗದ ತೋರಿಸಿ ಕೈ ತೊಳ್ಕೊಳ್ಳೋ ಮನುಷ್ಯ ಅಲ್ಲ," ಎಂದರು. "ಕಣ್ಣಿಗೆ ಕಾಣೋ ಸಾಕ್ಷಿ ಕೊಡ್ತೀನಿ. ಈ ಗಾಜು ನೋಡಿ. ಶೆಡ್ಡಿನ ಮಧ್ಯದಲ್ಲೇ ಇದೆ. ನೀವು ಹೇಳೋ ಹೊಗೆ ನಿಜವಾಗ್ಲೂ ಇದ್ದಿದ್ರೆ ಇದರ ಮೇಲೆ ಕೂತ್ಕೋಬೇಕಿತ್ತಲ್ವಾ? ಎಲ್ಲಿ, ಒಂದು ಚುಕ್ಕೆ ತೋರಿಸಿ ನೋಡೋಣ."

ಎಲ್ಲರೂ ಗಾಜು ನೋಡಿದರು. ಥಳಥಳ ಹೊಳೆಯುತ್ತಿತ್ತು. ಇಪ್ಪತ್ತನಾಲ್ಕು ಸಪ್ಪೆ ಮುಖಗಳು ಅದರಲ್ಲಿ ಕಂಡವು. ಅದನ್ನು ಆಕೆ ಒರೆಸಿ ಇನ್ನೂ ಮುಕ್ಕಾಲು ಗಂಟೆ ಆಗಿರಲಿಲ್ಲ. ಸೋಡಾನೀರಿನ ಬಕೆಟ್ ಇನ್ನೂ ಕೈಯಲ್ಲೇ ಇತ್ತು. ಆಕೆಗೆ ನಾಚಿಕೆಯಾಯಿತು. ತಾನೇ ಎಲ್ಲರ ಮುಂದೆ ನಿಂತು ಸುಳ್ಳು ಸಾಕ್ಷಿ ಹೇಳಿದ ಹಾಗೆ ಅನ್ನಿಸಿತು. ಹನ್ನೊಂದು ವರ್ಷದ ತನ್ನ ಭುಜದ ನೋವನ್ನು ಈ ಮನುಷ್ಯ ತೆಗೆದುಕೊಂಡು ತನ್ನ ಎದೆಗೇ ತಿವಿಯುತ್ತಿದ್ದಾನೆ. ಹಿಂದಿನಿಂದ ಕೈ ಎತ್ತಿದಳು.

"ಸಾರ್, ಆ ಗಾಜನ್ನ..."

"ಟೀ ಆಮೇಲೆ ತಗೊಂಡು ಬಾರಮ್ಮ," ಎಂದು ಸಾಹೇಬರು ಒಳಗೆ ಹೋದರು.

ಟೀ ತರುವ ಕೆಲಸ ಆಕೆಯದಲ್ಲ.

ಆಕೆಯ ಮನೆ ಎರಡು ಕೋಣೆಯದು. ಗಂಡ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಾನೆ. ಉಳಿದ ದಿನವೆಲ್ಲ ಅತ್ತೆ ಸೊಸೆ ಇಬ್ಬರೇ. ಸಂಜೆ ಆಕೆ ಬಂದರೆ ಅತ್ತೆ ಬಾಗಿಲಲ್ಲೇ ತಡೆದು ತಲೆ ಮೂಸುತ್ತಿದ್ದರು. "ಇವತ್ತು ಯಾವ ಎಣ್ಣೆ ಡಬ್ಬೀಲಿ ಬಿದ್ದೆ?" ಎಂದು ಕೇಳಿ, ಬಿಸಿನೀರು ಕೊಟ್ಟು, ತಲೆ ತೊಳೆದ ಮೇಲೆಯೇ ಒಲೆಯ ಹತ್ತಿರ ಬಿಡುತ್ತಿದ್ದರು. ಎಷ್ಟು ತೊಳೆದರೂ ಆಕೆಯ ದಿಂಬಿನ ಮೇಲೆ ತಲೆಯಷ್ಟು ಅಗಲದ ಹಳದಿ ಕಲೆ ಹೋಗುತ್ತಿರಲಿಲ್ಲ.

ಅಂದು ಆಕೆ ನಡೆದದ್ದನ್ನು ಹೇಳಿದಳು. ಅತ್ತೆ ಕಾಲು ಚಾಚಿ ಕೂತು ಕೇಳಿಸಿಕೊಂಡರು.

"ನಿಮ್ಮ ಮಾವನೂ ಹಿಂಗೇ ಇದ್ರು," ಎಂದರು. "ನಮ್ಮ ಮನೇಲಿ ಧೂಳೇ ಬರಲ್ಲ, ನೀನು ದಿನವೆಲ್ಲ ಮಾಡೋದೇನು ಅಂತಿದ್ರು. ನಾನು ಮಾತಾಡೋಕೇ ಹೋಗಲಿಲ್ಲ. ನಾಲ್ಕು ದಿನ ಪೊರಕೆ ಮುಟ್ಟಲಿಲ್ಲ, ಅಷ್ಟೆ. ಐದನೇ ದಿನ ಅವರೇ ಪೊರಕೆ ಹುಡುಕ್ತಾ ಬಂದ್ರು. ಎಲ್ಲಿಡ್ತಾರೆ ಅಂತಾನೂ ಗೊತ್ತಿರಲಿಲ್ಲ ಪಾಪ."

"ಕೆಲಸ ಹೋದ್ರೆ ಅತ್ತೆ?"

ಅತ್ತೆ ಚಾಚಿದ ಕಾಲು ಮಡಚಿಕೊಂಡರು. ಸೊಸೆ ಕೆಮ್ಮುವುದನ್ನು ನೋಡುತ್ತ ಕೂತರು.

"ಕೆಲಸ ಹೋದ್ರೆ ಇನ್ನೊಂದು ನೋಡಬಹುದು," ಎಂದರು ಕೊನೆಗೆ. "ಉಸಿರು ಹೋದ್ರೆ ಎಲ್ಲಿ ಹೋಗಿ ಅರ್ಜಿ ಹಾಕ್ತೀಯ?"

ಮರುದಿನ ಬೆಳಿಗ್ಗೆ ಆಕೆ ಎಂದಿನ ಹಾಗೆ ನೆಲ ಬಾಚಿದಳು, ಏಣಿ ಹತ್ತಿದಳು, ಕಂಬಿ ಒರೆಸಿದಳು. ಕ್ಯಾಬಿನ್ನಿಗೆ ಹೋಗಿ ಮೇಜು, ಕುರ್ಚಿ, ಬಾಗಿಲ ಹಿಡಿ ಎಲ್ಲ ಒರೆಸಿದಳು. ಗಾಜನ್ನು ಒಳಗಿನಿಂದ ಹೊಳೆಯುವ ಹಾಗೆ ಉಜ್ಜಿದಳು. ಹೊರಗಿನಿಂದ ಮುಟ್ಟಲಿಲ್ಲ.

ಟರ್ನರ್ ಅಣ್ಣ ಕೆಳಗಿನಿಂದ ನೋಡುತ್ತಿದ್ದ. "ತಂಗಿ, ಹೊರಗಡೆ ಮರೆತಂಗಿದೆ."

"ಹೊಗೇನೇ ಇಲ್ವಲ್ಲಣ್ಣ. ಇಲ್ಲದ್ದನ್ನ ಏನಂತ ಒರೆಸಲಿ?"

ಅಣ್ಣನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ. ಟೀ ಹೊತ್ತಿಗೆ ವಿಷಯ ಇಪ್ಪತ್ತನಾಲ್ಕು ಕಿವಿಗೂ ಮುಟ್ಟಿತು. ಕ್ಯಾಬಿನ್ನಿನ ಕಿವಿಗೆ ಮಾತ್ರ ಮುಟ್ಟಲಿಲ್ಲ.

ಮೊದಲ ಎರಡು ದಿನ ಆಕೆಗೇ ಕಷ್ಟವಾಯಿತು. ಗಾಜು ಮಾಸುವುದು ಕಂಡಾಗೆಲ್ಲ ಕೈ ತಾನಾಗಿ ವೇಸ್ಟಿನ ಕಡೆ ಹೋಗುತ್ತಿತ್ತು. ಹನ್ನೊಂದು ವರ್ಷ ದುಡಿದ ಕೈ, ಅದಕ್ಕೆ ಮುಷ್ಕರ ಎಂದರೆ ಅರ್ಥವಾಗಲಿಲ್ಲ. ಎರಡೂ ಕೈಯನ್ನು ಬಗಲಲ್ಲಿಟ್ಟುಕೊಂಡು ಗಾಜಿನ ಮುಂದೆ ಹಾದುಹೋಗುತ್ತಿದ್ದಳು.

ನಾಲ್ಕನೆಯ ದಿನ ಸಾಹೇಬರು ಕಣ್ಣು ಉಜ್ಜಿಕೊಂಡರು. ಐದನೆಯ ದಿನ ಎರಡು ಸಲ ಮುಖ ತೊಳೆದರು. ಆರನೆಯ ದಿನ ಕರ್ಚೀಫ್ ತೆಗೆದು ಕೂತಲ್ಲಿಂದಲೇ ಗಾಜು ಉಜ್ಜಿ ನೋಡಿದರು. ಒಳಮೈ ವೇಸ್ಟಕ್ಕ ಒರೆಸಿದ್ದು, ಕರ್ಚೀಫ್ ಬೆಳ್ಳಗೇ ಉಳಿಯಿತು. ಗಾಜು ಸರಿಯಿದೆ. ಹಾಗಾದರೆ ಕೆಟ್ಟಿರುವುದು ಕಣ್ಣೇ.

ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಸಾಹೇಬರು ಕೊನೆಯ ಸಾಲಿನವರೆಗೂ ಓದಿ, ಅದರ ಕೆಳಗೆ ಇರುವೆಯಷ್ಟು ಚಿಕ್ಕದಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದರು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. "ಇಲ್ಲಿ ಚೆನ್ನಾಗಿದೆ ಡಾಕ್ಟರೇ, ಕೆಲಸದ ಹೊತ್ತಲ್ಲಿ ಮಾತ್ರ ಮಂಜು," ಎಂದು ಇವರು ಪಟ್ಟು ಹಿಡಿದರು. ಆ ಹಟಕ್ಕೆ ಸೋತು ಡಾಕ್ಟರು ಒಂದು ಕನ್ನಡಕ ಬರೆದುಕೊಟ್ಟರು, ಬರೀ ಸಾದಾ ಗಾಜಿನದು. ಹಾಕಿಕೊಂಡು ಬಂದು ಸಾಹೇಬರು ಗುಮಾಸ್ತನಿಗೆ, "ಈಗ ಎಷ್ಟೋ ವಾಸಿ," ಎಂದರು. ಗುಮಾಸ್ತನೂ ಅದೇ ಕ್ಯಾಬಿನ್ನಿನಲ್ಲಿ ಕೂರುವವನು. ಸಾಹೇಬರಿಗೆ ಕಾಣದ್ದು ತನಗೆ ಕಂಡರೆ ಚೆನ್ನಾಗಿರುವುದಿಲ್ಲವೆಂದು, "ನಂಗೂ ಮೊನ್ನೆಯಿಂದ ಸ್ವಲ್ಪ ಮಂಜೇ ಸಾರ್," ಎಂದ. ಸಾಹೇಬರ ಹೆಂಡತಿ ಕಣ್ಣಿಗೆ ಒಳ್ಳೆಯದೆಂದು ಡಬ್ಬಿ ತುಂಬ ಕ್ಯಾರೆಟ್ ಕಳಿಸತೊಡಗಿದರು. ಹಳದಿ ಗಾಜಿನ ಹಿಂದೆ ಇಬ್ಬರೂ ಕುಳಿತು ಕರಕರ ಕ್ಯಾರೆಟ್ ಅಗಿಯುವುದು ಕೆಳಗಿನವರಿಗೆ ಮಸುಕಾಗಿ ಕಾಣುತ್ತಿತ್ತು.

ಹತ್ತನೆಯ ದಿನ ಗಂಟೆ ಒಂದೇ ಸಮನೆ ಬಡಿದುಕೊಂಡಿತು. ಎಲ್ಲರೂ ತಿರುಗಿ ನೋಡಿದರು. ಎಲ್ಲರೂ ಕೆಲಸದಲ್ಲೇ ಇದ್ದರು. ಆದರೂ ಗಂಟೆ ನಿಲ್ಲಲಿಲ್ಲ. ಕೊನೆಗೆ ಸಾಹೇಬರು ಗಾಜಿನಿಂದ ಕಣ್ಣು ಕೀಳದೆ ಬಾಗಿಲನ್ನಷ್ಟೇ ತೆರೆದು ನಾಲ್ಕನೆಯ ಸಾಲಿನ ಕಡೆ ಕೈ ಮಾಡಿ ಕೂಗಿದರು:

"ಏಯ್, ಇಪ್ಪತ್ತು ನಿಮಿಷದಿಂದ ನೋಡ್ತಿದೀನಿ, ಕಂಬಕ್ಕೆ ಒರಗಿಕೊಂಡೇ ನಿಂತಿದೀಯಲ್ಲ. ನಾಚಿಕೆ ಆಗಲ್ವಾ?"

ಕಂಬದ ಮೊಳೆಗೆ ನೇತು ಹಾಕಿದ್ದ ಮಳೆ ಕೋಟಿಗೆ ನಾಚಿಕೆ ಆಗಲಿಲ್ಲ.

ಆಮೇಲೆ ಗಂಟೆ ಕಡಿಮೆಯಾಯಿತು. ಯಾರನ್ನು ಬೈಯುತ್ತಿದ್ದೇವೆ ಎಂದು ತಿಳಿಯದೆ ಬೈಯುವುದು ಸಾಹೇಬರಿಗೂ ಕಷ್ಟ. ಗಂಟೆ ಇಲ್ಲದ್ದರಿಂದ ಜನ ಮೂವತ್ತರವರೆಗೆ ಎಣಿಸತೊಡಗಿದರು. ಮೊದಮೊದಲು ಹನ್ನೆರಡರಲ್ಲೇ ಹೆದರಿ ನಿಲ್ಲಿಸುತ್ತಿದ್ದವರು ಆಮೇಲೆ ನಿಧಾನವಾಗಿ, ಬಾಯಿ ತುಂಬ ಎಣಿಸಿದರು. ಮಷೀನಿನೊಳಗಿನ ಮಂಜು ಅಷ್ಟಿಷ್ಟು ಒಳಗೇ ಕೂತಿತು. ಶೆಡ್ಡಿನ ಆ ಕೊನೆಯ ಗಡಿಯಾರ ಈ ಕೊನೆಯಿಂದ ಕಂಡದ್ದು ಎಷ್ಟೋ ವರ್ಷದ ಮೇಲೆ. ಅದು ಹತ್ತು ನಿಮಿಷ ಹಿಂದಿತ್ತು ಎಂಬುದೂ ಆಗಲೇ ಗೊತ್ತಾಯಿತು.

ಹದಿನಾಲ್ಕನೆಯ ದಿನ ಮಾಲು ಕೊಳ್ಳುವ ಕಂಪನಿಯಿಂದ ಪರೀಕ್ಷೆಗೆ ಒಬ್ಬ ಮೇಡಂ ಬಂದರು. ಸಾಹೇಬರು ಅವರನ್ನು ಹಿಂಬಾಗಿಲಿನಿಂದ ನೇರ ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ, ಗಾಜಿನ ಮುಂದೆ ನಿಲ್ಲಿಸಿ ಕೈ ಚಾಚಿದರು. ಗುಮಾಸ್ತ ಆಮೇಲೆ ಒಬ್ಬೊಬ್ಬರಿಗೂ ಹೇಳಿದ್ದರಿಂದ ಒಳಗಿನ ಮಾತೂ ಶೆಡ್ಡಿಗೆ ಗೊತ್ತಾಯಿತು.

"ಇಲ್ಲಿಂದ ಇಡೀ ಶೆಡ್ ಕಾಣುತ್ತೆ ಮೇಡಂ. ಒಂದೊಂದು ಮಷೀನೂ."

ಮೇಡಂ ನೋಡಿದರು. "ನಂಗೇನೂ ಕಾಣ್ತಿಲ್ವಲ್ಲ."

ಸಾಹೇಬರ ಮುಖ ಅರಳಿತು. "ನಿಮಗೂ ಶುರುವಾಯ್ತಾ ಮೇಡಂ? ನಮ್ಮ ಡಾಕ್ಟರು ಚೆನ್ನಾಗಿ ನೋಡ್ತಾರೆ. ಕ್ಯಾರೆಟ್ ತಿನ್ನಿ."

ಮೇಡಂ ಕ್ಯಾರೆಟ್ ತಿನ್ನಲಿಲ್ಲ. ಬಾಗಿಲು ತೆರೆದು ಹೊರಗೆ ಬಂದು, ಗಾಜಿನ ಮೇಲೆ ಬೆರಳಿಟ್ಟು ಉದ್ದಕ್ಕೂ ಎಳೆದರು. ಬೆರಳಿನ ತುದಿಗೆ ಬೆಣ್ಣೆಯ ಹಾಗೆ ಹಳದಿ ಜಿಡ್ಡು ಬಂತು. ಗಾಜಿನಲ್ಲಿ ಬೆರಳಗಲದ ಗೆರೆ ತೆರೆಯಿತು. ಆ ಗೆರೆಯಲ್ಲಿ ಸಾಹೇಬರಿಗೆ ಮೊದಲು ಮೇಡಂ ಅವರ ಕಣ್ಣು ಕಂಡಿತು, ಅದರ ಹಿಂದೆ ನಾಲ್ಕನೆಯ ಸಾಲು, ಕಂಬ, ಮಳೆ ಕೋಟು. ಹತ್ತು ದಿನದ ಕಣ್ಣಿನ ರೋಗ ಅವರಿಗೆ ಒಂದೇ ಕ್ಷಣದಲ್ಲಿ ವಾಸಿಯಾಯಿತು.

"ವೇಸ್ಟಕ್ಕ," ಎಂದು ಕೂಗಿದರು. "ಬಾ ಇಲ್ಲಿ."

ಆಕೆ ಬಕೆಟ್ ಹಿಡಿದು ಬಂದಳು. ಹತ್ತಿರದ ಸಾಲುಗಳಲ್ಲಿ ಒಂದೊಂದೇ ಮಷೀನು ನಿಂತಿತು.

"ಏನಿದು ಕೊಳಕು? ಒರೆಸು."

"ಒರೆಸಲ್ಲ ಸಾರ್."

"ಏನಂದೆ?"

ಆಕೆ ಬಕೆಟ್ ಕೆಳಗಿಟ್ಟಳು.

"ಒರೆಸಲ್ಲ ಅಂದೆ. ಹನ್ನೊಂದು ವರ್ಷ ದಿನಕ್ಕೆ ಎರಡು ಸಲ ಒರೆಸಿದೀನಿ. ನೀವು ಆ ಗಾಜು ತೋರಿಸಿ, ಹೊಗೆ ಇಲ್ಲ, ಒಂದು ಚುಕ್ಕೆ ತೋರಿಸಿ ಅಂದ್ರಿ. ಅವತ್ತಿಂದ ಒರೆಸಿಲ್ಲ. ತೋರಿಸ್ತಿದೀನಿ, ನೋಡಿ."

"ಇವಳು ಗುತ್ತಿಗೆಯವಳು ಮೇಡಂ," ಎಂದರು ಸಾಹೇಬರು. "ತಲೆ ಸರಿಯಿಲ್ಲ."

"ತಲೆ ಸರಿ ಇದೆ. ಎದೆ ಸರಿ ಇಲ್ಲ."

ಮೇಡಂ ಕೈ ಒರೆಸಿಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡುತ್ತಿದ್ದರು. "ನಿಮ್ಮ ಉಸಿರಿನ ಪರೀಕ್ಷೆ ಆಗಿದೆಯಾ?"

"ಇಲ್ಲ. ಪಟ್ಟೀಲಿ ಹೆಸರಿಲ್ಲ. ನಂಗೆ ಹೊಗೆ ಬರಲ್ವಂತೆ."

ಮೇಡಂ ಗುಮಾಸ್ತನ ಕಡೆ ತಿರುಗಿದರು. ಗುಮಾಸ್ತ ಪಟ್ಟಿ ನೋಡಿದ, ಸಾಹೇಬರನ್ನು ನೋಡಿದ, ಛಾವಣಿ ನೋಡಿದ. "ಅವರು ಇಲ್ಲಿ ಕೆಲಸ ಮಾಡೋರಲ್ಲ ಮೇಡಂ. ಸುಮ್ನೆ ಹಾದು ಹೋಗೋರು."

"ಹನ್ನೊಂದು ವರ್ಷದಿಂದ ಹಾದು ಹೋಗ್ತಾನೇ ಇದಾರಾ?"

ಮಷೀನುಗಳ ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಮೇಡಂ ತಮ್ಮ ಹಾಳೆಯಲ್ಲಿ ಎರಡು ಸಾಲು ಬರೆದು, ಅದರ ಒಂದು ಪ್ರತಿ ಗುಮಾಸ್ತನ ಕೈಗಿಟ್ಟು ಹೊರಟುಹೋದರು. ಅವರೇನೂ ಉದ್ಧಾರ ಮಾಡಲು ಇಳಿದುಬಂದ ದೇವತೆಯಲ್ಲ. ಅವರ ಕಂಪನಿಗೆ ಕಾಗದ ಸರಿಯಿರಬೇಕು, ಅಷ್ಟೆ. ಹೋಗುವಾಗ ಆಕೆಯ ಕಡೆ ತಿರುಗಿಯೂ ನೋಡಲಿಲ್ಲ.

ಕಾರು ಗೇಟು ದಾಟಿದ ಕೂಡಲೇ ಸಾಹೇಬರು, "ನಾಳೆಯಿಂದ ನೀನು ಬರಬೇಡ," ಎಂದರು. ಗುಮಾಸ್ತ ಅವರ ಕಿವಿಯ ಹತ್ತಿರ ಬಗ್ಗಿ ಹಾಳೆ ತೋರಿಸಿದ. ಗಾಜು ಒರೆಸುವವರ ಉಸಿರಿನ ವರದಿ ಕಳಿಸಿ ಎಂದು ಅದರಲ್ಲಿ ಬರೆದಿತ್ತು. ವರದಿ ಬೇಕೆಂದರೆ ಉಸಿರು ಬೇಕು, ಉಸಿರು ಬೇಕೆಂದರೆ ಆಕೆ ಬೇಕು. ಹನ್ನೊಂದು ವರ್ಷ ಬೇಡವಾಗಿದ್ದವಳನ್ನು ಹೊರಗೆ ಹಾಕುವುದು ಈಗ ಸಾಹೇಬರ ಕೈಯಲ್ಲೇ ಇರಲಿಲ್ಲ. ಅರ್ಧ ಗಂಟೆಯೊಳಗೆ ಪಟ್ಟಿಯಲ್ಲಿ ಇಪ್ಪತ್ತೈದನೆಯ ಸಾಲು ಎಳೆದರು.

ಮರುದಿನ ಡಾಕ್ಟರಮ್ಮ ಕೊಳವೆ ತಂದರು. ಆಕೆ ಊದಿದಳು. "ಇನ್ನೂ ಜೋರಾಗಿ," ಎಂದರು ಡಾಕ್ಟರಮ್ಮ. ಊದಿದಳು. ಮೂರನೆಯ ಸಲ ಕಣ್ಣು ಕತ್ತಲೆ ಬಂತು. ಡಾಕ್ಟರಮ್ಮ ಕುರ್ಚಿ ಕೊಟ್ಟು ಕೂರಿಸಿದರು.

"ನಿಮಗೆಷ್ಟು ವಯಸ್ಸು?"

"ನಲವತ್ಮೂರು."

ಡಾಕ್ಟರಮ್ಮ ಯಂತ್ರದಿಂದ ಬಂದ ಚೀಟಿ ನೋಡಿದರು. "ನಿಮ್ಮ ಎದೆಗೆ ಅರವತ್ತೆಂಟು."

ಆಕೆಗೆ ಮೊದಲು ನಗು ಬಂತು. ಅತ್ತೆಗೂ ಅರವತ್ತೆಂಟೇ. ಒಂದೇ ಮನೆಯಲ್ಲಿ ಇಬ್ಬರು ಅತ್ತೆಯರಾದ ಹಾಗಾಯಿತು ಎಂದುಕೊಂಡಳು. ಆಮೇಲೆ ಲೆಕ್ಕ ಹಾಕಿದಳು. ನಲವತ್ತಮೂರಕ್ಕೂ ಅರವತ್ತೆಂಟಕ್ಕೂ ನಡುವೆ ಇಪ್ಪತ್ತೈದು ವರ್ಷ. ಈ ಶೆಡ್ಡಿನಲ್ಲಿ ಆಕೆ ಕಳೆದದ್ದು ಹನ್ನೊಂದು. ಉಳಿದ ವರ್ಷಗಳನ್ನು ಯಾರು ತೆಗೆದುಕೊಂಡರು? ನಗು ನಿಂತು ಸಿಟ್ಟು ಬಂತು. ಅಂಥ ಸಿಟ್ಟು ಆಕೆಗೆ ಹಿಂದೆಂದೂ ಬಂದಿರಲಿಲ್ಲ. ಚೀಟಿ ಹಿಡಿದು ನೇರವಾಗಿ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದಳು. ಟರ್ನರ್ ಅಣ್ಣ ಮಷೀನು ನಿಲ್ಲಿಸಿ ಹಿಂದೆಯೇ ಬಂದ.

"ಪೆಟ್ಟಿಗೆ ಯಾವಾಗ ಹಾಕಿಸ್ತೀರಿ ಸಾರ್?"

ಸಾಹೇಬರು ಚೀಟಿ ಓದಿ ಮೇಜಿನ ಮೇಲೆ ಮಗುಚಿಟ್ಟರು. "ಹಾಕಿಸೋಣಮ್ಮ. ಮೇಲಿನವರ ಸಹಿ ಆಗಬೇಕು. ಒಂದು ಮೂರು ತಿಂಗಳು."

"ಆಗಲಿ. ಸಹಿ ಬರೋವರೆಗೂ ಗಾಜು ಒರೆಸಲ್ಲ."

ಸಾಹೇಬರು ಕಾವಲುಗಾರನಿಗೆ ಒರೆಸಲು ಹೇಳಿದರು. ಗೇಟು ಬಿಟ್ಟು ಬಂದರೆ ತಪ್ಪಾಗುತ್ತದೆ ಎಂದು ಅವನು ಅಲುಗಲಿಲ್ಲ. ಗುಮಾಸ್ತನಿಗೆ ಭುಜ ನೋವು ಅಲ್ಲೇ ಶುರುವಾಯಿತು. ಮಷೀನಿನವರಿಗೆ ಹೇಳಿದರೆ, "ನಾವು ಗುಡಿಸೋ ವಿಭಾಗದೋರಲ್ವಲ್ಲ ಸಾರ್, ನಮಗೆ ಒರೆಸೋಕೆ ಬರಲ್ಲ," ಎಂದ ಟರ್ನರ್ ಅಣ್ಣ. ಗುತ್ತಿಗೆದಾರ ಬೇರೊಬ್ಬಳನ್ನು ಕಳಿಸಿದ. ಅವಳಿಗೆ ಗೇಟಿನಲ್ಲೇ ಯಾರೋ ಎಲ್ಲ ಹೇಳಿದ್ದರು. "ಮೊದಲು ಪಟ್ಟೀಲಿ ನನ್ನ ಹೆಸರು ಹಾಕಿ," ಎಂದಳು. ಇಪ್ಪತ್ತಾರನೆಯ ಸಾಲು ಎಳೆಯುವ ಧೈರ್ಯ ಗುಮಾಸ್ತನಿಗೆ ಇರಲಿಲ್ಲ. ತಾವೇ ಎದ್ದು ಒರೆಸಲು ಸಾಹೇಬರಿಗೆ ಹುದ್ದೆ ಅಡ್ಡ ಬಂತು.

ಕೂತಲ್ಲಿ ಏನೂ ಕಾಣದೆ ಸಾಹೇಬರು ಕೆಳಗಿಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಸಾಲುಗಳ ನಡುವೆ ಓಡಾಡುತ್ತ ಕೆಲಸ ನೋಡಿದರು. ಅವರು ಹತ್ತಿರ ಬಂದರೆ ಜನ ಸಾಹೇಬರ ಪದ್ಧತಿಯ ಪ್ರಕಾರವೇ ಐದಕ್ಕೇ ಎಣಿಕೆ ನಿಲ್ಲಿಸಿ ಬಾಗಿಲು ತೆರೆಯುತ್ತಿದ್ದರು. ಮಂಜು ಭುಸ್ಸನೆ ಬಂದು ಅವರ ಹೊಸ ಕನ್ನಡಕದ ಮೇಲೆ ಕೂರುತ್ತಿತ್ತು. ಮೊದಲ ದಿನ ಬಿಳಿ ಕಾಲರು ಹಳದಿಯಾಯಿತು. ಎರಡನೆಯ ದಿನ ಗಂಟಲು ಕೆರೆಯಿತು. ಮೂರನೆಯ ದಿನ ಎರಡನೆಯ ಸಾಲಿನ ಕೊನೆಯಲ್ಲಿ ನಿಂತು ಕೆಮ್ಮಿದರು. ಟರ್ನರ್ ಅಣ್ಣ ಆ ಕೆಮ್ಮನ್ನು ಚೆನ್ನಾಗಿ ಕೇಳಿಸಿಕೊಳ್ಳಲೆಂದೇ ಮಷೀನು ಆರಿಸಿದ.

ಐದನೆಯ ದಿನ ಪೆಟ್ಟಿಗೆಗಳು ಬಂದವು. ಮೂರು ತಿಂಗಳು ಹಿಡಿಯುವ ಸಹಿ ಒಂದು ಫೋನಿಗೆ ಆಯಿತು. ಹನ್ನೊಂದು ವರ್ಷದ ಕೆಮ್ಮಿಗೆ ಒಂದು ಪೆಟ್ಟಿಗೆಯೂ ಬಂದಿರಲಿಲ್ಲ. ಸಾಹೇಬರ ಎರಡು ದಿನದ ಕೆಮ್ಮಿಗೆ ಆರು ಬಂದವು. ಸಾಲಿಗೊಂದು ಕೂರಿಸಿದರು. ದಪ್ಪ ಕೊಳವೆಯಲ್ಲಿ ಮಷೀನಿನೊಳಗಿನ ಮಂಜನ್ನು ಎಳೆದುಕೊಂಡು, ಕೆಳಗೆ ಡಬ್ಬಿಗೆ ಹಾಲಿನಂಥ ನೀರನ್ನು ತೊಟ್ಟಿಕ್ಕಿಸತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ತುಂಬಿತು. ಅಷ್ಟನ್ನೂ ಈವರೆಗೆ ತಾವೇ ಒಳಗೆ ಇಳಿಸಿಕೊಳ್ಳುತ್ತಿದ್ದದ್ದು ಎಂದು ಒಬ್ಬೊಬ್ಬರೂ ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದರು. ಆಕೆ ಪೆಟ್ಟಿಗೆಯ ಪಕ್ಕ ನಿಂತು ಎದೆ ತುಂಬ ಉಸಿರು ಎಳೆದಳು. ಅರ್ಧಕ್ಕೇ ಕೆಮ್ಮು ಬಂತು. ಸಾಹೇಬರ ಕೆಮ್ಮು ಎರಡು ದಿನದಲ್ಲಿ ನಿಂತಿತು. ಆಕೆಯದು ನಿಲ್ಲಲಿಲ್ಲ.

"ಈಗ ಗಾಜು ಒರೆಸಮ್ಮ," ಎಂದರು ಸಾಹೇಬರು. ಮೊದಲ ಸಲ ಅಮ್ಮ ಎಂಬುದನ್ನು ಮೆತ್ತಗೆ ಅಂದಿದ್ದರು.

ಒರೆಸಿದಳು. ಹದಿನಾರೂ ಹಲಗೆ. ಆದರೆ ಸಾಹೇಬರ ಕುರ್ಚಿಯ ಎದುರಿನ ಹಲಗೆಯಲ್ಲಿ, ಸರಿಯಾಗಿ ಅವರ ಕಣ್ಣಿನ ಮಟ್ಟದಲ್ಲಿ ಅಂಗೈಯಷ್ಟು ಜಾಗವನ್ನು ಮೊದಲು ಚೊಕ್ಕಟವಾಗಿ ತೊಳೆದು, ಸುತ್ತಲೂ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಬಿಟ್ಟಳು. ಮರುದಿನದಿಂದ ಉಳಿದದ್ದನ್ನೆಲ್ಲ ಒರೆಸಿದರೂ ಆ ಗೆರೆಯೊಳಗೆ ಕೈ ಹಾಕಲಿಲ್ಲ. ನಾಲ್ಕನೆಯ ದಿನ ಅಲ್ಲಿ ಸಣ್ಣಗೆ ಮಾಸು ಕಂಡಿತು. ಸಾಹೇಬರು ಹೊರಗೆ ಬಂದು, ಆಕೆಯ ಬಕೆಟ್ಟಿನಿಂದ ತಾವೇ ಒಂದು ಉಂಡೆ ವೇಸ್ಟ್ ಎತ್ತಿಕೊಂಡರು.

"ಇದೊಂದು ಬಿಟ್ಟಿದೀಯಲ್ಲ."

"ಅದನ್ನ ಮುಟ್ಟಬೇಡಿ ಸಾರ್. ಅದು ಗಾಳಿ ಅಳೆಯೋದು. ಭಾನುವಾರ ಮಾತ್ರ ಬರೋ ಯಂತ್ರ ಅಲ್ಲ, ಇಲ್ಲೇ ಇರುತ್ತೆ. ಅದು ಹಳದಿ ಆಯ್ತು ಅಂದ್ರೆ ಪೆಟ್ಟಿಗೆ ಕೆಟ್ಟಿದೆ ಅಂತ. ಯಾರಾದ್ರೂ ಒರೆಸಿದ್ದು ಕಂಡ್ರೆ ನಾವು ಇಪ್ಪತ್ತೈದು ಜನ ಅವತ್ತು ಕೆಲಸ ಮುಟ್ಟಲ್ಲ."

ಸಾಹೇಬರು ಶೆಡ್ಡಿನ ಕಡೆ ನೋಡಿದರು. ಗಾಳಿ ತಿಳಿಯಾಗಿತ್ತು, ಆರನೆಯ ಸಾಲಿನವರೆಗೂ ಒಂದೊಂದು ಮುಖ ಕಾಣುತ್ತಿತ್ತು. ಎಲ್ಲವೂ ಅವರ ಕೈಯನ್ನೇ ನೋಡುತ್ತಿದ್ದವು. ಅವರು ವೇಸ್ಟನ್ನು ಬಕೆಟ್ಟಿಗೆ ವಾಪಸು ಹಾಕಿದರು.